ಮನೆಯೇ ಮಠವಾದ ಬಗೆ

ಮೂವತ್ತಮೂರು ವರ್ಷ ಕಾಲ ಶಾಲೆಯ ಗಂಟೆಗೆ ಎದ್ದು ಕುಳಿತವರು ನಾವು. ಖಾಸಗಿ ಸಂಸ್ಥೆಯ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು, ಐವತ್ತೆಂಟು ತುಂಬಿದ ೨೦೨೨ನೆಯ ಇಸವಿಯಲ್ಲಿ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಮೂರು ಭಾಷಣ, ಇಷ್ಟನ್ನು ಸ್ವೀಕರಿಸಿ ಮೈಸೂರಿನ ಅಂಚಿನಲ್ಲಿರುವ ನಮ್ಮ ಮನೆಗೆ ಬಂದು ಸೇರಿದೆವು. ಪ್ರತಿವರ್ಷವೂ ಮೇ ತಿಂಗಳ ಬಿಸಿಲಿನಲ್ಲಿ ಬೀದಿಬೀದಿ ತಿರುಗಿ, "ಮಕ್ಕಳನ್ನು ಶಾಲೆಗೆ ಕಳುಹಿಸಿರಮ್ಮ" ಎಂದು ಪರರ ಬಾಗಿಲಲ್ಲಿ ನಿಂತು ಬೇಡಿದ ಬಾಯಿ ನಮ್ಮದು. ಅಂತಹ ನಮ್ಮ ಮನೆಯ ಮುಂದೆ ೨೦೨೪ರ ಜೂನ್ ತಿಂಗಳಲ್ಲಿ ಶಾಲೆಯ ವಾಹನವು ಬಂದು, ಎರಡು ಸಲ ಕೂಗಿ, ಯಾರೂ ಹತ್ತದಿರಲು ಮುಂದಕ್ಕೆ ಹೋಯಿತು. ಚಾಲಕನಿಗೆ ಹೇಳಿಕಳುಹಿಸುವುದು ನಮಗೆ ಮರೆತಿತ್ತು. ಮೊಮ್ಮಗನು ಕಿಟಕಿಯ ಸರಳು ಹಿಡಿದು ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಒಳಗೆ ಬಂದು ಎರಡು ದೋಸೆ ತಿಂದನು. ಆರು ತಿಂಗಳಿನಿಂದ ಬೆಳಗಿನ ಹೊತ್ತು ಅವನ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ.

ಹುಡುಗನಿಗೆ ಆಗ ಏಳು ವರ್ಷ. ನಾಲ್ಕನೆಯ ವರ್ಷದಿಂದ ಅವನಿಗೆ ಉಗ್ಗು. ಮನೆಯಲ್ಲಿ ಅದನ್ನು ನಾವು ಯಾರೂ ದೊಡ್ಡದು ಮಾಡಿರಲಿಲ್ಲ. ಶಾಲೆಯಲ್ಲಿ ಸಾಲುಸಾಲಾಗಿ ಎದ್ದು ಓದಬೇಕು. ಇವನ ಸರದಿ ಬಂದಾಗ ಪಕಾರವೋ ತಕಾರವೋ ಎದುರಾದರೆ ಅಲ್ಲಿಗೆ ಓದು ನಿಂತಿತು. ಹಿಂದಿನಿಂದ ನಗೆ, ಮುಂದಿನಿಂದ "ಸರಿ, ಕೂತುಕೋ, ಮುಂದಿನವನು ಓದು." ಉಪಾಧ್ಯಾಯಿನಿಯು ಕೆಟ್ಟವಳಲ್ಲ, ನಲವತ್ತೆರಡು ಮಕ್ಕಳಿರುವ ತರಗತಿಯಲ್ಲಿ ಒಂದು ಮಗುವಿಗಾಗಿ ಎಷ್ಟು ಹೊತ್ತು ಕಾಯುವುದೆಂಬ ಲೆಕ್ಕವನ್ನು ನಾವೂ ಬಲ್ಲೆವು. ಸಂಕ್ರಾಂತಿಯ ವೇಳೆಗೆ ಹುಡುಗನು ಹಾಜರಿಗೆ ಸಹ ಓಗೊಡುವುದನ್ನು ಬಿಟ್ಟನು. ಪಕ್ಕದವನು ಇವನ ಪರವಾಗಿ ಕೂಗಬೇಕಾಯಿತು. ಆಮೇಲೆ ಬೆಳಗಿನ ವಾಂತಿ ಮೊದಲಾಯಿತು. ಯುಗಾದಿಯ ಹೊತ್ತಿಗೆ ಮನೆಯಲ್ಲಿಯೂ ಮಾತು ಕಡಿಮೆಯಾಗಿ, ಬೇಕಾದುದನ್ನು ಬೆರಳಿನಿಂದ ತೋರಿಸತೊಡಗಿದನು. ಅದನ್ನು ಕಂಡು ನಮ್ಮ ಸೊಸೆಯು ಒಂದು ರಾತ್ರಿ ಊಟಕ್ಕೆ ಬಡಿಸುತ್ತ, "ಮಾವ, ಅವನನ್ನ ಒಂದು ವರ್ಷ ಮನೇಲೇ ಇಟ್ಟುಕೊಂಡು ನೋಡೋಣವಾ? ನೀವಿದ್ದೀರಿ, ನಾನಿದ್ದೀನಿ" ಎಂದಳು.

ಹೇಳುವುದು ಸುಲಭ. ಅವಳು ಒಂದು ಅಂಗಡಿಯ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ತಿಂಗಳಿಗೆ ೧೬,೦೦೦ ರೂಪಾಯಿ. ಮಗನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಅವನ ಸಂಬಳದ ದೊಡ್ಡ ಪಾಲು ಮನೆಯ ಸಾಲದ ಕಂತಿಗೂ ಅವನ ಅಲ್ಲಿಯ ಬಾಡಿಗೆಗೂ ಸಲ್ಲುತ್ತದೆ. ನಮಗೆ ನಿವೃತ್ತಿವೇತನವೆಂಬುದು ಇಲ್ಲ. ಪ್ರಕಾಶಕರಿಬ್ಬರಿಗೆ ಪ್ರೂಫು ತಿದ್ದಿಕೊಟ್ಟು ಪುಟವೊಂದಕ್ಕೆ ೧೨ ರೂಪಾಯಿಯಂತೆ ಸಂಪಾದಿಸುವುದಷ್ಟೇ. ಆ ರಾತ್ರಿಯೇ ಸೊಸೆಯು ಹುಡುಗನ ಹಳೆಯ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು. ಶಾಲೆಯ ಶುಲ್ಕವೂ ವಾಹನದ ಬಾಡಿಗೆಯೂ ಸೇರಿ ವರ್ಷಕ್ಕೆ ೪೮,೦೦೦. ಅಂದರೆ ತಿಂಗಳಿಗೆ ೪,೦೦೦ ಉಳಿಯಿತು. ಅವಳು ಕೆಲಸಕ್ಕೆ ಹೋಗಿಬರುವ ಖರ್ಚು ೧,೨೦೦ ಉಳಿಯಿತು. ಮಿಕ್ಕ ೧೦,೮೦೦ ರೂಪಾಯಿಯನ್ನು ಮನೆಯಲ್ಲಿ ಕುಳಿತೇ ಹುಟ್ಟಿಸಬೇಕು. ಆ ಅಂಕಿಯ ಸುತ್ತ ಅವಳು ಒಂದು ಚೌಕ ಬರೆದಳು. ಹಾಳೆ ಈಗಲೂ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ಸಿಕ್ಕಿಸಿದಂತೆಯೇ ಇದೆ.

ನೆರೆಯವರು ಒಬ್ಬೊಬ್ಬರಾಗಿ ಬಂದು ಕೇಳಿದ ಪ್ರಶ್ನೆಯೆಂದರೆ, ಇದು ಕಾನೂನಿಗೆ ಸಮ್ಮತವೆ ಎಂಬುದು. ನಾವೂ ವಿಚಾರಿಸಿದೆವು. ೨೦೦೯ರಲ್ಲಿ ಆಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಅಧಿನಿಯಮವು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ವಿಧಿಸುತ್ತದೆ. ಮನೆಯಲ್ಲಿ ಕಲಿಸುವುದನ್ನು ಹೆಸರಿಟ್ಟು ಒಪ್ಪಿಯೂ ಇಲ್ಲ, ಹೆಸರಿಟ್ಟು ನಿಷೇಧಿಸಿಯೂ ಇಲ್ಲ. ಅದೇ ಅಧಿನಿಯಮದ ನಾಲ್ಕನೆಯ ಪ್ರಕರಣವು ನಮಗೆ ಧೈರ್ಯ ಕೊಟ್ಟಿತು: ನಡುವೆ ಶಾಲೆ ತಪ್ಪಿದ ಮಗುವನ್ನು ಅದರ ವಯಸ್ಸಿಗೆ ಸರಿಯಾದ ತರಗತಿಗೇ ಸೇರಿಸಿಕೊಳ್ಳಬೇಕೆಂದು ಅದರಲ್ಲಿದೆ. ಅಂದರೆ ಹಿಂದಿರುಗುವ ಬಾಗಿಲು ತೆರೆದಿದೆ. ಇದಲ್ಲದೆ ೧೯೮೯ರಲ್ಲಿ ಹುಟ್ಟಿದ ರಾಷ್ಟ್ರೀಯ ಮುಕ್ತ ಶಾಲೆಯ ಸಂಸ್ಥೆಯು ಮೂರನೆಯ, ಐದನೆಯ, ಎಂಟನೆಯ ತರಗತಿಗಳಿಗೆ ಸಮಾನವಾದ ಮೂರು ಮಟ್ಟಗಳನ್ನು ಇಟ್ಟಿದೆ. ಹದಿನಾಲ್ಕು ತುಂಬಿದವರು ಅಲ್ಲಿಯೇ ಹತ್ತನೆಯ ತರಗತಿಯ ಪರೀಕ್ಷೆಗೂ ಕೂರಬಹುದು. ಇಷ್ಟು ತಿಳಿದುಕೊಂಡು ವರ್ಗಾವಣೆ ಪತ್ರವನ್ನು ತಂದು ಬೀರುವಿನಲ್ಲಿಟ್ಟೆವು. ಅದನ್ನು ಕೊಡುವಾಗ ಶಾಲೆಯ ಮುಖ್ಯೋಪಾಧ್ಯಾಯರು, "ಮೇಷ್ಟ್ರೇ, ತಾವೇ ಹೀಗೆ ಮಾಡಿದರೆ ಹೇಗೆ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಇನ್ನು ಪಾಠದ ವಿಷಯ. ಇಲ್ಲಿ ನಾವು ಪಟ್ಟ ಅವಮಾನವನ್ನು ವಾಚಕರಲ್ಲಿ ಮುಚ್ಚಿಡಲಾರೆವು. ಸಾವಿರಾರು ಮಕ್ಕಳಿಗೆ ಹೇಳಿದವರು, ಒಂದು ಮಗುವಿಗೆ ಹೇಳುವುದೇನು ಮಹಾ ಎಂಬ ಗರ್ವ ನಮ್ಮಲ್ಲಿತ್ತು. ನಡುಮನೆಯ ಗೋಡೆಗೆ ಕರಿಹಲಗೆ ಹೊಡೆಸಿದೆವು. ಹತ್ತು ಗಂಟೆಗೆ ಕನ್ನಡ, ಹತ್ತೂ ಮುಕ್ಕಾಲಿಗೆ ಗಣಿತ ಎಂದು ವೇಳಾಪಟ್ಟಿ ಬರೆದೆವು. ಪೂಜೆಯ ಗಂಟೆಯನ್ನು ತಂದು ಬಾರಿಸಿದೆವು. ಹಾಜರಿಯ ಪುಸ್ತಕವನ್ನೂ ತೆರೆದೆವು! ನಮ್ಮ ಮನೆಯಾಕೆಯು ಒಗ್ಗರಣೆಯ ಸೌಟು ಹಿಡಿದು ಬಂದು ನೋಡಿ, "ಇರೋನೊಬ್ಬ. ಅವನೂ ನಿಮ್ಮೆದುರಿಗೇ ಕೂತಿದಾನೆ. ಹಾಜರಿ ಯಾರಿಗೆ ಕರೀತೀರಿ?" ಎಂದು ಕೇಳಿ ಒಳಗೆ ಹೋದಳು. ಪುಸ್ತಕವನ್ನು ಮುಚ್ಚಿದೆವು. ಆದರೆ ದನಿಯನ್ನು ಮುಚ್ಚುವುದು ಕಷ್ಟವಾಯಿತು. ಐವತ್ತು ಮಕ್ಕಳ ಹಿಂದಿನ ಬೆಂಚಿಗೆ ಮುಟ್ಟುವ ಕಂಠ ನಮ್ಮದು. ಮೊಳದೂರದಲ್ಲಿ ಕುಳಿತ ಮಗುವಿನ ಮೇಲೆ ಅದನ್ನೇ ಪ್ರಯೋಗಿಸಿದರೆ ಅವನು ಎರಡು ಕಿವಿಯನ್ನೂ ಮುಚ್ಚಿಕೊಂಡನು. ಮತ್ತೊಂದು ವಿಚಿತ್ರವೆಂದರೆ, ಶಾಲೆಯಲ್ಲಿ ಇಡೀ ದಿನ ತೆಗೆದುಕೊಳ್ಳುತ್ತಿದ್ದ ಪಾಠವು ಇಲ್ಲಿ ಒಂದೂವರೆ ಗಂಟೆಯಲ್ಲಿ ಮುಗಿದುಹೋಯಿತು. ಹನ್ನೊಂದೂವರೆಗೆ ಹುಡುಗನೂ ನಾವೂ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತೆವು. ಶಾಲೆಯ ದಿನವು ಬಹುಮಟ್ಟಿಗೆ ಕಾಯುವುದರಲ್ಲಿ ಕಳೆಯುತ್ತಿತ್ತೆಂದು ನಮಗೆ ಮೂವತ್ತಮೂರು ವರ್ಷದಲ್ಲಿ ಹೊಳೆದಿರಲಿಲ್ಲ.

ಹಾಗಾದರೆ ಉಳಿದ ಹೊತ್ತು ಸಂಪಾದನೆಗೆ ಒದಗಿತಲ್ಲ ಎಂದು ವಾಚಕರು ಹೇಳಬಹುದು. ನಾವೂ ಹಾಗೆಯೇ ಎಣಿಸಿದ್ದೆವು. ಪಾಠ ಮುಗಿದರೂ ಮಗು ಮುಗಿಯುವುದಿಲ್ಲ. ಒಂದು ಪುಟದ ನಡುವಿರುವಾಗ ಪೆನ್ಸಿಲು ಮೊಂಡಾಯಿತು, ಗೋಡೆಯ ಮೇಲೆ ಹಲ್ಲಿ ಬಾಲ ಬೀಳಿಸಿತು, ಚಂದ್ರನು ಹಗಲಿನಲ್ಲಿಯೂ ಏಕೆ ಕಾಣಿಸುತ್ತಾನೆ? ಮೊದಲು ದಿನಕ್ಕೆ ಇಪ್ಪತ್ತು ಪುಟ ನೋಡುತ್ತಿದ್ದ ನಾವು ಎಂಟಕ್ಕೆ ಇಳಿದೆವು. ಸೊಸೆಯ ಕಷ್ಟ ಬೇರೊಂದು ಬಗೆಯದು. ಅವಳು ಚಿಕ್ಕ ಅಂಗಡಿಗಳ ಲೆಕ್ಕವನ್ನು ಮನೆಯಲ್ಲಿ ಬರೆದುಕೊಡಲು ಹೊರಟಳು. ೨೦೧೭ರ ಜುಲೈ ಒಂದರಿಂದ ಬಂದಿರುವ ಜಿಎಸ್‌ಟಿ ಎಂಬ ತೆರಿಗೆಗೆ ತಿಂಗಳಿಗೆ ಎರಡು ಗಡುವುಗಳು: ಹಿಂದಿನ ತಿಂಗಳ ಮಾರಾಟದ ವಿವರವನ್ನು ಹನ್ನೊಂದನೆಯ ತಾರೀಕಿನೊಳಗೆ, ತೆರಿಗೆಯ ತಃಖ್ತೆಯನ್ನೂ ಹಣವನ್ನೂ ಇಪ್ಪತ್ತನೆಯ ತಾರೀಕಿನೊಳಗೆ ಸಲ್ಲಿಸಬೇಕು. ತಡವಾದರೆ ದಿನವೊಂದಕ್ಕೆ ಇಷ್ಟೆಂದು ದಂಡ. ಅಂಗಡಿಯವರೋ, ಬಿಲ್ಲುಗಳನ್ನು ಚೀಲದಲ್ಲಿ ತುಂಬಿ ಒಂಬತ್ತನೆಯ ತಾರೀಕು ಸಾಯಂಕಾಲ ತಂದು ಕೊಡುವವರು. ನಮ್ಮ ಮನೆಯಲ್ಲಿ ಹಿಂದೆ ಏಕಾದಶಿ ಒಂದೇ ಉಪವಾಸದ ದಿನವಾಗಿತ್ತು. ಈಗ ಹನ್ನೊಂದು, ಇಪ್ಪತ್ತು ಎಂಬ ಎರಡು ಹೊಸ ವ್ರತಗಳು ಸೇರಿಕೊಂಡುವು. ಆ ದಿನಗಳಲ್ಲಿ ಸೊಸೆಯು ಒಳಕೋಣೆಯ ಬಾಗಿಲೆಳೆದುಕೊಂಡು ಕುಳಿತರೆ ಊಟಕ್ಕೂ ಏಳಳು. ಮೊದಲ ತಿಂಗಳು ಒಂದೇ ಅಂಗಡಿ, ೧,೫೦೦ ರೂಪಾಯಿ. ಚೌಕದೊಳಗಿನ ೧೦,೮೦೦ ಮೊಳೆಯ ಮೇಲಿಂದ ನಮ್ಮನ್ನು ನೋಡುತ್ತಿತ್ತು.

ಅಂಥದೊಂದು ಹನ್ನೊಂದನೆಯ ತಾರೀಕು, ಆಗಸ್ಟ್ ತಿಂಗಳಲ್ಲಿ, ನಡೆದುದನ್ನು ಬರೆಯಬೇಕು.

ಮನೆಯಾಕೆಯು ಹಾಲನ್ನು ಸಣ್ಣ ಉರಿಯಲ್ಲಿಟ್ಟು, "ನೋಡಿಕೊಳ್ಳಿ, ಬಂದೆ" ಎಂದು ಹೂವು ತರಲು ಹೋದಳು. ನಾವು "ಹೂಂ" ಎಂದೆವು. ನಮ್ಮ ಮುಂದೆ ಅಭಿನಂದನ ಗ್ರಂಥವೊಂದರ ಕೊನೆಯ ಪುಟಗಳು. ಆ ಸಂಜೆಗೇ ಮುಗಿಸಬೇಕಾಗಿತ್ತು. ಹುಡುಗನಿಗೆ ಎರಡು ಪುಟ ಕಾಪಿ ಬರೆಯಲು ಹೇಳಿದ್ದೆವು. ಮಗುವಿಗೆ ಕಲಿಯಲೆಂದು ಕೊಟ್ಟ ಕೆಲಸವಲ್ಲ ಅದು. ನಮಗೆ ತೊಂದರೆ ಕೊಡದಿರಲೆಂದು ಕೊಟ್ಟದ್ದು. ಸ್ವಲ್ಪ ಹೊತ್ತಿಗೆ ಅವನು ಬಂದು ನಮ್ಮ ಮೇಜಿನ ಪಕ್ಕದಲ್ಲಿ ನಿಂತು "ತ… ತ…" ಎಂದನು. ತಲೆ ಎತ್ತದೆ, "ತಿಂಡಿಯೆ? ಅಜ್ಜಿ ಬರಲಿ" ಎಂದೆವು. ಅಲ್ಲವೆಂದು ತಲೆಯಾಡಿಸಿದನು. "ಗ… ಗ…" ಎಂದನು. "ಗಣಿತವೆ? ಆಮೇಲೆ." ಮತ್ತೆ "ತ…" ಎಂದನು. ಆಗ ನಾವು ಪೆನ್ನನ್ನು ಮೇಜಿನ ಮೇಲೆ ಬಡಿದು, "ಬಾಯಿ ಬಿಟ್ಟು ಹೇಳೋ!" ಎಂದು ಆ ಐವತ್ತು ಮಕ್ಕಳ ದನಿಯಲ್ಲಿ ಗದರಿದೆವು. ಹುಡುಗನು ಒಂದು ಕ್ಷಣ ನಮ್ಮನ್ನು ನೋಡಿ, ಹೊರಟುಹೋದನು. ಅಡುಗೆಮನೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ನಾವು ಪುಟವನ್ನು ಮುಗಿಸಿ, ಸಹಿ ಹಾಕಿದೆವು. ಆಮೇಲೆ ವಾಸನೆ ಬಂದಿತು.

ಹಾಲು ಉಕ್ಕಿ ಉರಿಯು ಆರಿಹೋಗಿ ಗ್ಯಾಸು ಹರಿಯುತ್ತಿದ್ದಿತು. ಹುಡುಗನು "ತಾತ, ಗ್ಯಾಸು" ಎಂದು ಹೇಳಲು ಬಂದವನು. ಎರಡು ಪದ, ಎರಡರ ಮೊದಲಕ್ಷರವೂ ಅವನಿಗೆ ವೈರಿ. ಹೇಳಲಾರದೆ, ತಾನೇ ಹೋಗಿ ಕುರ್ಚಿಯನ್ನೆಳೆದು ಹತ್ತಿ, ಒಲೆಯ ಗುಂಡಿಯನ್ನು ತಿರುಗಿಸಿ, ಕಿಟಕಿಯನ್ನೂ ತೆರೆದು, ನಾವು ಹೋಗುವ ಹೊತ್ತಿಗೆ ಮತ್ತೆ ಚಾಪೆಯ ಮೇಲೆ ಕುಳಿತು ಕಾಪಿ ಬರೆಯುತ್ತಿದ್ದನು. ನಮ್ಮ ಕಡೆಗೆ ಮುಖವೆತ್ತಲಿಲ್ಲ. ಒಳಕೋಣೆಯಲ್ಲಿ ತಾಯಿಗೆ ಏನೂ ತಿಳಿಯದು. ಹೂವು ಹಿಡಿದು ಬಂದ ಮನೆಯಾಕೆಯು ಹಾಲಿನ ಪಾತ್ರೆಯನ್ನೂ ನಮ್ಮನ್ನೂ ನೋಡಿದಳು. ನಾವೇ ಎಲ್ಲವನ್ನೂ ಹೇಳಿದೆವು. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ನಿದ್ರೆಯಿಲ್ಲದೆ ಮಲಗಿದ್ದಾಗ, ಬಹುಕಾಲದಿಂದ ನೆನೆಯದಿದ್ದ ಮುಖವೊಂದು ಬಂದಿತು. ೧೯೯೬ನೆಯ ಇಸವಿ ಇರಬೇಕು. ಎಂಟನೆಯ ತರಗತಿ, ಗೋಡೆಯ ಕಡೆಯ ಬೆಂಚು, ತೆಳ್ಳಗಿನ ಹುಡುಗ. ಕವಿ ಶಬ್ದವನ್ನು ಒಪ್ಪಿಸಬೇಕಾಗಿತ್ತು. ಕಕಾರದಲ್ಲಿಯೇ ನಿಂತನು. ಓದಿಕೊಂಡು ಬಂದಿಲ್ಲ, ಅದರಿಂದ ಹೆದರಿ ತೊದಲುತ್ತಾನೆ ಎಂಬುದು ನಮ್ಮ ತೀರ್ಮಾನ; ನಿಲ್ಲಿಸಿದರೆ ಸರಿಹೋಗುತ್ತಾನೆಂಬುದು ನಮ್ಮ ಚಿಕಿತ್ಸೆ. ಗಂಟೆ ಹೊಡೆಯುವ ತನಕ ನಿಲ್ಲಿಸಿದೆವು. ಮರುದಿನವೂ, ಅದರ ಮರುದಿನವೂ ಹಾಗೆಯೇ. ಮುಂದಿನ ವರ್ಷದ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಏಕೆಂದು ವಿಚಾರಿಸಿದ ನೆನಪು ನಮಗಿಲ್ಲ. ನಮ್ಮ ಮೊಮ್ಮಗನ ಉಪಾಧ್ಯಾಯಿನಿಯು "ಕೂತುಕೋ" ಎಂದಳು. ನಾವು "ನಿಂತುಕೋ" ಎಂದಿದ್ದೆವು. ಅವಳನ್ನು ನಾವು ಜನವರಿಯಿಂದ ಮನಸ್ಸಿನೊಳಗೆ ಎಷ್ಟು ಸಲ ನಿಂದಿಸಿರಲಿಕ್ಕಿಲ್ಲ!

ಮೈಸೂರಿನ ಮಾನಸಗಂಗೋತ್ರಿಯ ಬಳಿ ವಾಕ್ ಶ್ರವಣ ಸಂಸ್ಥೆಯೊಂದು ೧೯೬೦ರ ದಶಕದಿಂದ ಇದೆ. ಆಯಿಷ್ ಎಂದರೆ ಆಟೋದವರೆಲ್ಲ ಬಲ್ಲರು. ಅಖಿಲ ಭಾರತದ ಸಂಸ್ಥೆಯು ಮೂರು ಮೈಲಿಯ ಒಳಗಿದ್ದೂ ನಾವು ಅದುವರೆಗೆ ಹುಡುಗನನ್ನು ಅಲ್ಲಿಗೆ ಕರೆದೊಯ್ದಿರಲಿಲ್ಲ. ಬೆಳೆದಂತೆ ಸರಿಹೋಗುತ್ತದೆ ಎಂದಿದ್ದೆವು. ಚಿಕ್ಕ ಮಕ್ಕಳಲ್ಲಿ ಬಹಳ ಮಂದಿಗೆ ಹಾಗೆ ಸರಿಹೋಗುವುದೂ ಉಂಟಂತೆ. ಎಲ್ಲರಿಗೂ ಹೋಗುವುದಿಲ್ಲ. ಅಲ್ಲಿಯ ತಜ್ಞೆ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಮ್ಮ ಶಿಷ್ಯೆಯ ಮಗಳಾಗಬಹುದಾದಷ್ಟು ಎಳೆಯಳು. ಹುಡುಗನಿಗಿಂತ ಹೆಚ್ಚಾಗಿ ನಮಗೇ ಪಾಠ ಹೇಳಿದಳು. ಅವನ ಪದವನ್ನು ನೀವು ಮುಗಿಸಬೇಡಿ. "ನಿಧಾನವಾಗಿ ಹೇಳು, ಉಸಿರೆಳೆದುಕೋ" ಎಂದು ಉಪದೇಶಿಸಬೇಡಿ. ಬದಲಾಗಿ ನೀವೇ ನಿಧಾನವಾಗಿ ಮಾತನಾಡಿ. ಅವನು ತಡೆದಾಗ ಕಣ್ಣು ಬೇರೆ ಕಡೆ ತಿರುಗಿಸಬೇಡಿ. ಕಾಯಿರಿ. "ಎಷ್ಟು ಹೊತ್ತು?" ಎಂದು ಕೇಳಿದೆವು. "ಅವನಿಗೆ ಬೇಕಾದಷ್ಟು ಹೊತ್ತು, ಸರ್" ಎಂದಳು. ಮೂವತ್ತಮೂರು ವರ್ಷ ಮಾತನಾಡಿ ಹೊಟ್ಟೆ ಹೊರೆದವರಿಗೆ ಕಾಯುವುದಕ್ಕಿಂತ ಕಠಿನವಾದ ವಿದ್ಯೆ ಇನ್ನೊಂದಿಲ್ಲ. ಪದದ ಮೊದಲಕ್ಷರ ಕೇಳಿದೊಡನೆ ಉಳಿದುದು ನಮ್ಮ ನಾಲಿಗೆಯ ತುದಿಗೆ ತಾನಾಗಿ ಬಂದು ನಿಲ್ಲುತ್ತದೆ. ಹಲ್ಲು ಕಚ್ಚಿ ಹಿಡಿಯುತ್ತೇವೆ.

ಕರಿಹಲಗೆಯನ್ನು ಕೆಳಗಿಳಿಸಿದೆವು. ಪಾಠವನ್ನು ಹೊಸದಾಗಿ ಹೂಡಿದೆವು. ನಮ್ಮ ತಾತನು ಕೂಲಿಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವನು. ಮಠದ ಐಗಳು ತಮ್ಮ ಮನೆಯ ಜಗಲಿಯ ಮೇಲೆಯೇ ಮಕ್ಕಳನ್ನು ಕೂರಿಸಿಕೊಂಡು, ಮನೆಗಳವರು ಕೊಟ್ಟ ಕಾಳುಕಡ್ಡಿಯಲ್ಲಿ ಸಂಸಾರ ತೂಗಿಸುತ್ತಿದ್ದರೆಂದು ಅವನು ಹೇಳುವುದನ್ನು ನಾವು ಬಾಲ್ಯದಲ್ಲಿ ಕೇಳಿದ್ದೆವು. ಪಾಠವೂ ಜೀವನೋಪಾಯವೂ ಒಂದೇ ಜಗಲಿಯ ಮೇಲೆ ನಡೆದುದು ನಮ್ಮ ನಾಡಿಗೆ ಹೊಸದಲ್ಲವೆಂದು ಅದನ್ನು ನೆನೆದು ಸಮಾಧಾನ ತಂದುಕೊಂಡೆವು. ಐಗಳು ಪ್ರೂಫು ತಿದ್ದುತ್ತಿರಲಿಲ್ಲ ಎಂಬುದು ಬೇರೆ ಮಾತು.

ಮಠದ ಕ್ರಮದಂತೆ ಹುಡುಗನೊಂದಿಗೆ ನಾವೂ ದನಿಗೂಡಿಸಿ ಹೇಳತೊಡಗಿದೆವು. ಆಗ ಕಂಡ ಸೋಜಿಗವೆಂದರೆ, ಜೊತೆಯಲ್ಲಿ ಹೇಳುವಾಗ ಅವನಿಗೆ ಎಲ್ಲಿಯೂ ತಡೆಯೇ ಇಲ್ಲ! ರಾಮ ಶಬ್ದ, ಕವಿ ಶಬ್ದ, ಗುರು ಶಬ್ದ, ಏಳು ವಿಭಕ್ತಿಗಳೂ ನೀರಿನಂತೆ ಹರಿದುವು. ಮಗ್ಗಿಯೂ ಹಾಗೆಯೇ. ಸಂಸ್ಕೃತದ ಮಹಿಮೆಯಿಂದ ಉಗ್ಗು ಹೋಯಿತೆಂದು ಹಿಗ್ಗಿ, ಮುಂದಿನ ಸಲ ತಜ್ಞೆಯ ಮುಂದೆ ಹೇಳಿಸಿದೆವು. ಆಕೆ ನಕ್ಕಳು. ಇನ್ನೊಬ್ಬರೊಡನೆ ಓದುವಾಗಲೂ ಹಾಡುವಾಗಲೂ ಉಗ್ಗು ತಗ್ಗುವುದು ಎಲ್ಲ ಭಾಷೆಗಳವರಲ್ಲಿಯೂ ಸಾಮಾನ್ಯವಂತೆ. ಒಬ್ಬನೇ ಆದಾಗ ಅದು ಮರಳುತ್ತದೆ. "ಆದರೂ ಬಿಡಬೇಡಿ, ಸರ್. ತನ್ನ ದನಿ ಸರಾಗವಾಗಿ ಬರುವುದನ್ನು ಅವನು ಕೇಳಲಿ" ಎಂದಳು. ನಮ್ಮ ಮಹಿಮೆ ಅಲ್ಲಿಗೆ ಮುಗಿಯಿತು. ದನಿಗೂಡಿಸುವುದು ಮುಂದುವರಿಯಿತು.

ವರ್ಣಮಾಲೆಯ ಪಾಠದಲ್ಲಿ ಮಾತ್ರ ನಮ್ಮ ಹಳೆಯ ವಿದ್ಯೆಯು ನಿಜವಾಗಿ ಉಪಯೋಗಕ್ಕೆ ಬಂದಿತು. ನಮ್ಮ ಅಕ್ಷರಗಳು ಎಂತಹ ಕ್ರಮದಲ್ಲಿ ಕುಳಿತಿವೆಯೆಂಬುದನ್ನು ಶಾಲೆಯಲ್ಲಿ ಎಂಟನೆಯ ತರಗತಿಯ ತನಕ ಯಾರೂ ಹೇಳುವುದಿಲ್ಲ. ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ಕನ್ನಡಿಯನ್ನು ಮುಂದಿಟ್ಟುಕೊಂಡು ಕುಳಿತೆವು. ಕ-ವರ್ಗ ಗಂಟಲಿನಲ್ಲಿ, ಚ-ವರ್ಗ ಅಂಗುಳಿನಲ್ಲಿ, ಟ-ವರ್ಗ ನಾಲಿಗೆ ಮಡಿಚಿದಲ್ಲಿ, ತ-ವರ್ಗ ಹಲ್ಲಿನ ಬುಡದಲ್ಲಿ, ಪ-ವರ್ಗ ತುಟಿಯಲ್ಲಿ. ಒಳಗಿನಿಂದ ಹೊರಗೆ ಒಂದೊಂದೇ ಹೆಜ್ಜೆ. ಈ ಇಪ್ಪತ್ತೈದಕ್ಕೆ ಸ್ಪರ್ಶಗಳೆಂದು ಹೆಸರು, ಒಂದು ಅಂಗವು ಇನ್ನೊಂದನ್ನು ಮುಟ್ಟಿ ಗಾಳಿಯನ್ನು ತಡೆಯುವುದರಿಂದ ಎಂದು ಹೇಳಿದೆವು. ಹುಡುಗನು ಕನ್ನಡಿಯಲ್ಲಿ ತನ್ನ ತುಟಿಗಳನ್ನು ಬಹಳ ಹೊತ್ತು ನೋಡಿ, "ತ… ತಾತ, ಅದು ಬಾ… ಬಾಗಿಲು ಹಾಕಿಕೊಳ್ಳುತ್ತೆ" ಎಂದನು. "ಯಾವುದು?" "ಪ. ನಾನು ತಳ್ಳಿದಷ್ಟೂ ಗಟ್ಟಿ ಹಾಕಿಕೊಳ್ಳುತ್ತೆ." ಪ್ರಾಚೀನರು ಸ್ಪರ್ಶವೆಂದುದನ್ನು ಇಷ್ಟು ಚೆನ್ನಾಗಿ ಯಾವ ಪಂಡಿತನೂ ನಮಗೆ ವಿವರಿಸಿರಲಿಲ್ಲ. ಅಂದು ಮಧ್ಯಾಹ್ನವೆಲ್ಲ ಕುಳಿತು ಅವನು ಒಂದು ದೊಡ್ಡ ಮುಖದ ಚಿತ್ರವನ್ನು ಬರೆದು, ಇಪ್ಪತ್ತೈದು ಬಾಗಿಲುಗಳನ್ನು ಗುರುತಿಸಿ, ತನಗೆ ಸಿಕ್ಕಿಕೊಳ್ಳುವುವಕ್ಕೆ ಕೆಂಪು ಬಣ್ಣ ಹಚ್ಚಿದನು. ಕ, ಗ, ತ, ದ, ಪ, ಬ. "ಆರು ತಾತ. ಇನ್ನೂ ಹತ್ತೊಂಬತ್ತು ತೆಗೆದೇ ಇದೆ." ನಾವು ಆ ತನಕ ಆರನ್ನೇ ಎಣಿಸುತ್ತಿದ್ದೆವು.

ಗಣಿತವು ತಾಯಿಯ ಕೋಣೆಗೂ ಅಜ್ಜಿಯ ಅಡುಗೆಮನೆಗೂ ಹೋಯಿತು. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು ಎಂದು ಅಜ್ಜಿಯು ಅಕ್ಕಿ ಅಳೆಯಿಸಿದಳು. ತಾಯಿಯು ಬಿಲ್ಲುಗಳ ಚೀಲವನ್ನು ಅವನ ಮುಂದೆ ಸುರಿದು ತಾರೀಕಿನ ಪ್ರಕಾರ ಜೋಡಿಸಲು ಹೇಳಿದಳು. ಬಿಲ್ಲಿನಲ್ಲಿ ತೆರಿಗೆಯು ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ ಎಂದು ಎರಡಾಗಿರುತ್ತದೆ: ಹದಿನೆಂಟಾದರೆ ಒಂಬತ್ತು ಒಂಬತ್ತು, ಐದಾದರೆ ಎರಡೂವರೆ ಎರಡೂವರೆ. ಹೀಗೆ ಅರ್ಧವೆಂಬುದು ಹುಡುಗನಿಗೆ ಒಂದು ಕಡೆ ಪಾವಿನಿಂದಲೂ ಇನ್ನೊಂದು ಕಡೆ ಸರಕಾರದಿಂದಲೂ ತಿಳಿಯಿತು. ಮಗುವನ್ನು ಕೈಕೆಲಸದ ಮೂಲಕ ಕಲಿಸಬೇಕೆಂದು ಗಾಂಧೀಜಿಯವರು ೧೯೩೭ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಯೋಜನೆಯನ್ನು ನಾವು ತರಬೇತಿ ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದೆವು. ಆದರೆ ಸೊಸೆಗೆ ಒಂದು ಶಂಕೆ. "ಕಲಿಸ್ತಾ ಇದೀನಾ, ಕೆಲಸ ಮಾಡಿಸ್ತಾ ಇದೀನಾ, ಮಾವ?" ಎಂದು ಒಮ್ಮೆ ಕೇಳಿದಳು. ಯೋಗ್ಯವಾದ ಶಂಕೆಯೇ. ಅದಕ್ಕಾಗಿ ಹನ್ನೊಂದನೆಯ ಮತ್ತು ಇಪ್ಪತ್ತನೆಯ ತಾರೀಕುಗಳ ಹಿಂದುಮುಂದಿನ ದಿನ, ಅಂದರೆ ಅವಳಿಗೆ ನಿಜವಾಗಿ ಆಳು ಬೇಕಾದ ದಿನ, ಅವನನ್ನು ಬಿಲ್ಲುಗಳ ಹತ್ತಿರ ಬಿಡಕೂಡದೆಂದು ನಿಯಮ ಮಾಡಿದೆವು.

ಅಕ್ಟೋಬರಿನಲ್ಲಿ ಆ ಅಭಿನಂದನ ಗ್ರಂಥವು ಅಚ್ಚಾಗಿ ಬಂದಿತು. ಆಗಸ್ಟಿನ ಆ ದಿನ ನಾವು ಸಹಿ ಹಾಕಿದ ಪುಟದಲ್ಲಿ, ಸನ್ಮಾನಿತರು ತಮ್ಮ "ಶಕಲ ಬಂಧುಗಳಿಗೆ" ಕೃತಜ್ಞತೆ ಸಲ್ಲಿಸಿದ್ದರು. ಸಕಲವೆಂದರೆ ಎಲ್ಲ; ಶಕಲವೆಂದರೆ ಒಡೆದ ಚೂರು. ಉಚ್ಚಾರಣೆಯಲ್ಲಿ ಶಕಾರ ಸಕಾರಗಳನ್ನು ಬೆರೆಸಬಾರದೆಂಬುದಕ್ಕೆ ನಾವು ಪ್ರತಿವರ್ಷವೂ ತರಗತಿಯಲ್ಲಿ ಕೊಡುತ್ತಿದ್ದ ಉದಾಹರಣೆಯೇ ಅದು! ಪ್ರಕಾಶಕರು ೬೦೦ ರೂಪಾಯಿ ಹಿಡಿದುಕೊಂಡರು. ನ್ಯಾಯವೇ. ಅಂದಿನಿಂದ ಹುಡುಗನು ಎದ್ದಿರುವಾಗ ದಿನಕ್ಕೆ ಎಂಟೇ ಪುಟವೆಂದು ಗೊತ್ತುಮಾಡಿ, ಮೇಜಿನ ಮೇಲೆ ಎಂಟು ಗೋಲಿಗಳನ್ನಿಟ್ಟೆವು. ಪುಟವೊಂದು ಮುಗಿದರೆ ಒಂದು ಗೋಲಿ ಡಬ್ಬಿಗೆ. ಹಾಕುವ ಅಧಿಕಾರ ಅವನದು. ಗೋಲಿಯು ಕೈಯಲ್ಲಿರುವಾಗ ಅವನು ಏನು ಹೇಳಿದರೂ ಪೂರ್ತಿ ಕೇಳತಕ್ಕದ್ದು.

ಎಲ್ಲವೂ ಹಸನಾಯಿತೆಂದು ಬರೆದರೆ ಸುಳ್ಳಾದೀತು. ಹುಡುಗನಿಗೆ ಜೊತೆಯಿಲ್ಲ. ಸಂಜೆ ನಾಲ್ಕಕ್ಕೆ ಶಾಲೆಯ ವಾಹನ ಬರುವಾಗ ಈಗಲೂ ಕಿಟಕಿಯ ಹತ್ತಿರ ನಿಲ್ಲುತ್ತಾನೆ. ಉದ್ಯಾನದಲ್ಲಿ ಬೇರೆ ಮಕ್ಕಳೊಡನೆ ಚೆಂಡಾಡಿ ಬರುತ್ತಾನೆ, ಆದರೆ "ನಿಂದು ಯಾವ ಸ್ಕೂಲು?" ಎಂಬ ಪ್ರಶ್ನೆಗೆ ಅವನಿಗೆ ಉತ್ತರವಿಲ್ಲ, ಅಲ್ಲಿ ತಡೆಯುವುದು ಅಕ್ಷರವಲ್ಲ. ಈ ಕೊರತೆಯನ್ನು ಅರವತ್ತು ದಾಟಿದ ತಾತನೂ ಅಜ್ಜಿಯೂ ತುಂಬಲಾರರು. ಮುಂದಿನ ವರ್ಷ ಕಳುಹಿಸುವುದೋ ಇನ್ನೊಂದು ವರ್ಷ ಇಟ್ಟುಕೊಳ್ಳುವುದೋ ಎಂಬ ಮಾತು ಮಗನು ಊರಿಗೆ ಬಂದಾಗಲೆಲ್ಲ ಏಳುತ್ತದೆ. ಹುಡುಗನನ್ನೇ ಕೇಳಿದಾಗ, "ಅಲ್ಲಿ ಕಾಯ್ತಾರಾ?" ಎಂದನು. ಕಾಯುವ ತರಗತಿಯೊಂದನ್ನು ಹುಡುಕಲು ಸೊಸೆಯೂ ನಾವೂ ಒಂದೆರಡು ಶಾಲೆಗಳಿಗೆ ಹೋಗಿಬಂದಿದ್ದೇವೆ. ಹಣದ ಸಂಗತಿ: ೨೦೨೫ರ ಮಾರ್ಚ್ ತಿಂಗಳಲ್ಲಿ ಅವಳಿಗೆ ಏಳು ಅಂಗಡಿಗಳಾಗಿ, ೧೦,೫೦೦ ರೂಪಾಯಿ ಬಂದಿತು. ಚೌಕಕ್ಕೆ ಇನ್ನೂ ೩೦೦ ಕಡಿಮೆ. "ಆ ಮುನ್ನೂರನ್ನ ನಾನು ಹೂವು ಬಿಟ್ಟು ಕೊಡ್ತೀನಿ" ಎಂದು ಮನೆಯಾಕೆಯು ಹೇಳಿದಳು, ಬಿಟ್ಟಂತೆ ಕಾಣಲಿಲ್ಲ.

ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ. ಸೊಸೆಯು ನಡುಮನೆಯಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದಳು. ನಾವು ಮೇಜಿನಲ್ಲಿ. ಹುಡುಗನ ಪಕ್ಕದಲ್ಲಿದ್ದ ನಮ್ಮ ದೂರವಾಣಿಯು ಮೊಳಗಿತು. ಅವನು ನಮ್ಮತ್ತ ನೋಡಿ, ಎತ್ತಿಕೊಂಡನು. ಪ್ರಕಾಶಕರು. "ತ… ತಾತ…" ಎಂದನು. ಆಮೇಲೆ "ಪ…" ಬಂದಿತು, ನಿಂತಿತು. ಮತ್ತೆ "ಪ…" ಆ ಕಡೆಯಿಂದ "ಯಾರು? ಹಲೋ?" ಎಂಬುದು ನಮಗೂ ಕೇಳಿಸಿತು. ನಾವು ಅರ್ಧ ಎದ್ದಿದ್ದೆವು. ಸೊಸೆಯು ಪುಸ್ತಕದಿಂದ ತಲೆ ಎತ್ತದೆ ಪೆನ್ಸಿಲನ್ನು ಮಾತ್ರ ಎತ್ತಿ ಹಿಡಿದಳು. ಕುಳಿತೆವು. ಗೋಡೆಯ ಗಡಿಯಾರವು ಅಷ್ಟು ಸದ್ದು ಮಾಡುತ್ತದೆಂದು ನಾವು ಅರಿತಿರಲಿಲ್ಲ.

"…ಪ್ರೂಫ್ ನೋಡ್ತಾ ಇದ್ದಾರೆ. ಇನ್ನೂ ಮೂವತ್ತೆರಡು ಪು… ಪುಟ ಇದೆ." ಸ್ವಲ್ಪ ಹೊತ್ತು ಕೇಳಿಸಿಕೊಂಡನು. "ನಾಲ್ಕು ದಿನ" ಎಂದು, ದೂರವಾಣಿಯನ್ನು ಇದ್ದಲ್ಲಿಯೇ ಇಟ್ಟು, ಡಬ್ಬಿಯಲ್ಲಿದ್ದ ಗೋಲಿಗಳನ್ನು ಮತ್ತೊಮ್ಮೆ ಎಣಿಸಿದನು.

ನಾವು ಎರಡೇ ದಿನದಲ್ಲಿ ಕೊಡುವುದಾಗಿ 그 ಬೆಳಗ್ಗೆಯಷ್ಟೇ ಒಪ್ಪಿಕೊಂಡಿದ್ದೆವು. "ಅವರು ಏನೆಂದರು?" ಎಂದು ಕೇಳಿದೆವು.

"ಸರಿ ಅಂದ್ರು" ಎಂದನು.